ಯುವನಿಧಿ: ಘೋಷಣೆ ಅರ್ಜಿದಾರರದು, ಗೋಪ್ಯತೆಯ ಹೊಣೆ ನಮ್ಮದು

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳ ಪೈಕಿ ಯುವನಿಧಿಯು ಒಂದು ವಿಷಯದಲ್ಲಿ ಉಳಿದ ನಾಲ್ಕಕ್ಕಿಂತ ಭಿನ್ನವಾಗಿದೆ. ಶಕ್ತಿ ಯೋಜನೆಯಲ್ಲಿ ಮಹಿಳೆಯರು ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿ ಟಿಕೆಟ್ ಪಡೆದರೆ ಸಾಕು. ಗೃಹಜ್ಯೋತಿಯ ಲೆಕ್ಕವನ್ನು ಮೀಟರೇ ಇಡುತ್ತದೆ. ಅನ್ನಭಾಗ್ಯಕ್ಕೂ ಗೃಹಲಕ್ಷ್ಮಿಗೂ ಪಡಿತರ ಚೀಟಿಯ ಆಧಾರವಿದೆ. ಯುವನಿಧಿಯಲ್ಲಿ ಮಾತ್ರ ಫಲಾನುಭವಿಯು ಒಮ್ಮೆ ಅರ್ಜಿ ಹಾಕಿ ಸುಮ್ಮನಿರುವಂತಿಲ್ಲ. "ನನಗೆ ಇನ್ನೂ ಉದ್ಯೋಗ ದೊರೆತಿಲ್ಲ" ಎಂಬ ಮಾತನ್ನು ಅವಧಿಗೊಮ್ಮೆ ತಾನೇ ಮುಂದೆ ಬಂದು ಘೋಷಿಸಬೇಕು.

ಈ ಒಂದು ವ್ಯತ್ಯಾಸದಿಂದ ಎರಡು ಸಮಸ್ಯೆಗಳು ಹುಟ್ಟುತ್ತವೆ. ಮೊದಲನೆಯದು, ಘೋಷಣೆ ತಪ್ಪಿದರೆ ಅರ್ಹರಿಗೂ ಹಣ ಬರುವುದಿಲ್ಲ. ಎರಡನೆಯದು, ಓದಿದ ಮಗನೋ ಮಗಳೋ ಕೆಲಸವಿಲ್ಲದೆ ಮನೆಯಲ್ಲಿರುವ ಸಂಗತಿ ಅವರೊಂದಿಗೆ ಕಚೇರಿಯ ಕಿಟಕಿಗೆ ಬರುತ್ತದೆ; ಅಲ್ಲಿಂದ ಊರಿಗೆ ಹಬ್ಬುವುದು ಸುಲಭ. ಅರ್ಜಿಯ ವಿಧಾನ ಮತ್ತು ಗೋಪ್ಯತೆಯ ನಿಯಮ ಬೇರೆ ಬೇರೆ ಪಾಠಗಳೆಂದು ತೋರಿದರೂ ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಅವೆರಡೂ ಒಂದೇ. ತನ್ನ ಮಾಹಿತಿ ಬಯಲಾಗದು ಎಂಬ ನಂಬಿಕೆಯಿರುವ ಕಡೆಗೆ ಮಾತ್ರ ಯುವಕ ಯುವತಿಯರು ಅರ್ಜಿ ಹಿಡಿದು ಬರುತ್ತಾರೆ. ಈ ಲೇಖನದಲ್ಲಿ ಎರಡನ್ನೂ ಜೊತೆಯಾಗಿ ಅಭ್ಯಸಿಸೋಣ.

1. ಯೋಜನೆಯ ತಳಹದಿ

ಯುವನಿಧಿಯ ನೋಂದಣಿ ಪ್ರಕ್ರಿಯೆಗೆ 2023ರ ಡಿಸೆಂಬರ್ 26ರಂದು ಚಾಲನೆ ದೊರೆಯಿತು. ಸ್ವಾಮಿ ವಿವೇಕಾನಂದರ ಜಯಂತಿಯಾದ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ವರ್ಗಾವಣೆಯೊಂದಿಗೆ ಯೋಜನೆ ಉದ್ಘಾಟನೆಗೊಂಡಿತು. ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯು ಇದರ ಅನುಷ್ಠಾನ ಇಲಾಖೆ.

ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಭತ್ಯೆ ನಿಗದಿಯಾಗಿದೆ. ಇದು ಗರಿಷ್ಠ 2 ವರ್ಷ ಅಥವಾ ಉದ್ಯೋಗ ದೊರೆಯುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಸಲ್ಲುತ್ತದೆ. ಪೂರ್ಣ ಅವಧಿಗೆ ಲೆಕ್ಕ ಹಾಕಿದರೆ ಒಬ್ಬ ಪದವೀಧರನಿಗೆ 72,000 ರೂಪಾಯಿ, ಡಿಪ್ಲೊಮಾದವರಿಗೆ 36,000 ರೂಪಾಯಿ. ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜು, ಪರೀಕ್ಷೆಯ ಶುಲ್ಕ, ತರಬೇತಿಯ ವೆಚ್ಚ ಇವನ್ನು ಅಪ್ಪನ ಕೈ ನೋಡದೆ ಭರಿಸಲು ಈ ಹಣ ಆಸರೆಯಾಗುತ್ತದೆ.

ಮೊದಲಿಗೆ 2022-23ನೇ ಶೈಕ್ಷಣಿಕ ಸಾಲಿನಲ್ಲಿ ತೇರ್ಗಡೆಯಾದವರನ್ನು ಗುರಿಯಾಗಿಸಿ ಆರಂಭವಾದ ಯೋಜನೆಯು ನಂತರದ ಸಾಲಿನಲ್ಲಿ ತೇರ್ಗಡೆಯಾದವರಿಗೂ ವಿಸ್ತರಣೆಗೊಂಡಿದೆ. ತೇರ್ಗಡೆಯಾಗಿ 180 ದಿನಗಳು ಕಳೆದರೂ ಉದ್ಯೋಗ ದೊರೆಯದಿರುವುದು ಮುಖ್ಯ ಷರತ್ತು. ರಾಜ್ಯದಲ್ಲಿ ಕನಿಷ್ಠ 6 ವರ್ಷ ವ್ಯಾಸಂಗ ಮಾಡಿರುವುದು ವಾಸಸ್ಥಳಕ್ಕೆ ಸಂಬಂಧಿಸಿದ ಷರತ್ತು.

ಈ ಕೆಳಗಿನವರು ಅರ್ಹರಲ್ಲ:

• ಉನ್ನತ ವ್ಯಾಸಂಗ ಮುಂದುವರಿಸುತ್ತಿರುವವರು
• ಶಿಶಿಕ್ಷು ವೇತನ ಪಡೆಯುತ್ತಿರುವವರು, ಅಂದರೆ ಅಪ್ರೆಂಟಿಸ್ ತರಬೇತಿಯಲ್ಲಿರುವವರು
• ಸರ್ಕಾರಿ ಅಥವಾ ಖಾಸಗಿ ವಲಯದಲ್ಲಿ ಉದ್ಯೋಗ ಪಡೆದವರು
• ಸರ್ಕಾರದ ಯೋಜನೆ ಅಥವಾ ಬ್ಯಾಂಕ್ ಸಾಲದ ನೆರವಿನಿಂದ ಸ್ವಯಂ ಉದ್ಯೋಗ ಕೈಗೊಂಡವರು

ಸದಸ್ಯರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆಯು ಆಯ್ಕೆ ಮಾಡುತ್ತದೆ. ಇರುವ ಕೆಲವೇ ಮನೆಗಳನ್ನು ಹಲವರ ನಡುವೆ ಹಂಚಬೇಕಾದ್ದರಿಂದ ಹೆಸರುಗಳನ್ನು ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯುವುದು ನ್ಯಾಯ. ಯುವನಿಧಿಯಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಷರತ್ತು ಪೂರೈಸಿದ ಪ್ರತಿಯೊಬ್ಬರಿಗೂ ಭತ್ಯೆ ಸಲ್ಲುತ್ತದೆ. ಒಬ್ಬರಿಗೆ ದೊರೆತರೆ ಇನ್ನೊಬ್ಬರಿಗೆ ತಪ್ಪುವುದಿಲ್ಲ. ಆದ್ದರಿಂದ ಇದರಲ್ಲಿ ಗ್ರಾಮ ಪಂಚಾಯತಿಯ ಪಾತ್ರ ಮಂಜೂರು ಮಾಡುವುದಲ್ಲ, ಶಿಫಾರಸು ಮಾಡುವುದೂ ಅಲ್ಲ. ತಿಳಿವಳಿಕೆ ನೀಡುವುದು, ದಾರಿ ತೋರಿಸುವುದು ಮತ್ತು ಆ ದಾರಿಯಲ್ಲಿ ತಿಳಿದುಬಂದುದನ್ನು ಕಾಪಾಡುವುದು ನಮ್ಮ ಕೆಲಸ.

2. ಅರ್ಜಿ ಸಲ್ಲಿಕೆಯ ಹಂತಗಳು

ಅರ್ಜಿಯನ್ನು ಸೇವಾ ಸಿಂಧು ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಅರ್ಜಿದಾರರು ತಮ್ಮದೇ ಮೊಬೈಲ್ ಅಥವಾ ಕಂಪ್ಯೂಟರಿನಿಂದ ಸಲ್ಲಿಸಬಹುದು. ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಗ್ರಾಮ ಪಂಚಾಯತಿಯ ಬಾಪೂಜಿ ಸೇವಾ ಕೇಂದ್ರದ ನೆರವನ್ನೂ ಪಡೆಯಬಹುದು.

ಮೊದಲ ಹಂತದಲ್ಲಿ ಆಧಾರ್ ದೃಢೀಕರಣ ನಡೆಯುತ್ತದೆ. ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ. ಮನೆಯಲ್ಲಿ ಹಿಂದೆ ಯಾರದೋ ಸಂಖ್ಯೆ ಕೊಟ್ಟಿದ್ದರೆ, ಅಥವಾ ಸಿಮ್ ಬದಲಾಗಿದ್ದರೆ ಅರ್ಜಿ ಇಲ್ಲಿಯೇ ನಿಲ್ಲುತ್ತದೆ. ಅಂಥವರನ್ನು ಮೊದಲು ಆಧಾರ್ ಸೇವಾ ಕೇಂದ್ರಕ್ಕೆ ಕಳುಹಿಸಿ ಮೊಬೈಲ್ ಸಂಖ್ಯೆಯನ್ನು ಸರಿಪಡಿಸಿಕೊಳ್ಳಲು ತಿಳಿಸಬೇಕು. ನೆರೆಮನೆಯವರ ಸಂಖ್ಯೆಯನ್ನೋ ಆಪರೇಟರ್‌ನ ಸಂಖ್ಯೆಯನ್ನೋ ಸೇರಿಸುವ ಅಡ್ಡದಾರಿ ಬೇಡ. ಮುಂದಿನ ಪ್ರತಿ ಘೋಷಣೆಯ ಒಟಿಪಿಯೂ ಆ ಪರರ ಫೋನಿಗೇ ಹೋಗುತ್ತದೆ.

ಎರಡನೆಯ ಹಂತದಲ್ಲಿ ವ್ಯಾಸಂಗದ ಪರಿಶೀಲನೆ. ಪದವಿ ಮತ್ತು ಡಿಪ್ಲೊಮಾ ಪ್ರಮಾಣಪತ್ರಗಳನ್ನು ವಿದ್ಯಾಸಂಸ್ಥೆಗಳು ಡಿಜಿಲಾಕರ್ ಮೂಲಕ ಲಭ್ಯವಿರುವ ರಾಷ್ಟ್ರೀಯ ಶೈಕ್ಷಣಿಕ ಠೇವಣಿ ವ್ಯವಸ್ಥೆಗೆ ಸೇರಿಸುತ್ತವೆ. ಪೋರ್ಟಲ್ ಅಲ್ಲಿಂದಲೇ ತಾಳೆ ನೋಡುತ್ತದೆ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ತೊಡಕಾಗುತ್ತದೆ. ತಂದೆಯ ಹೆಸರಿನ ಮೊದಲ ಅಕ್ಷರವನ್ನು ಒಂದೆಡೆ ಮುಂದೆ, ಇನ್ನೊಂದೆಡೆ ಹಿಂದೆ ಬರೆಯುವುದು ನಮ್ಮ ಭಾಗದಲ್ಲಿ ಸಾಮಾನ್ಯವಾದ್ದರಿಂದ ಅಂತಿಮ ವರ್ಷದ ವಿದ್ಯಾರ್ಥಿಗಳು ಇದನ್ನು ಓದು ಮುಗಿಯುವ ಮೊದಲೇ ನೋಡಿಕೊಳ್ಳುವುದು ಒಳಿತು.

ಮೂರನೆಯ ಹಂತ ಬ್ಯಾಂಕ್ ಖಾತೆಯದು. ಭತ್ಯೆಯು ನೇರ ನಗದು ವರ್ಗಾವಣೆಯ ಮೂಲಕ ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ಒಬ್ಬರಿಗೆ ಎರಡು ಮೂರು ಖಾತೆಗಳಿದ್ದರೆ ಎನ್‌ಪಿಸಿಐ ದಾಖಲೆಯಲ್ಲಿ ಯಾವ ಖಾತೆ ಕೊನೆಯದಾಗಿ ಜೋಡಣೆಯಾಗಿದೆಯೋ ಆ ಖಾತೆಗೆ ಹಣ ಹೋಗುತ್ತದೆ. "ಹಣ ಬಂದಿಲ್ಲ" ಎಂಬ ದೂರು ಎಷ್ಟೋ ಸಲ ಮರೆತುಹೋದ ಹಳೆಯ ಖಾತೆಯಲ್ಲಿ ಬಗೆಹರಿಯುತ್ತದೆ.

3. ಸ್ವಯಂ ಘೋಷಣೆ: ಯೋಜನೆಯ ಬೆನ್ನೆಲುಬು

ಅರ್ಜಿ ಮಂಜೂರಾದ ಮೇಲೆ ಫಲಾನುಭವಿಯು ತಾನು ಉದ್ಯೋಗದಲ್ಲಿಲ್ಲ, ಸ್ವಯಂ ಉದ್ಯೋಗದಲ್ಲಿಲ್ಲ, ಉನ್ನತ ವ್ಯಾಸಂಗದಲ್ಲಿಯೂ ಇಲ್ಲ ಎಂಬುದನ್ನು ಪೋರ್ಟಲ್‌ನಲ್ಲಿ ಘೋಷಿಸುತ್ತಿರಬೇಕು. ಯೋಜನೆ ಆರಂಭವಾದಾಗ ಪ್ರತಿ ತಿಂಗಳ 25ನೇ ತಾರೀಖಿನೊಳಗೆ ಈ ಘೋಷಣೆ ಸಲ್ಲಿಸಬೇಕೆಂದು ತಿಳಿಸಲಾಗಿತ್ತು. ಘೋಷಣೆಯ ಅವಧಿ ಮತ್ತು ಕೊನೆಯ ದಿನವನ್ನು ನಿಗದಿಪಡಿಸುವುದು ಇಲಾಖೆಯ ಅಧಿಕಾರ. ಆದಕಾರಣ ಕಚೇರಿಯ ಗೋಡೆಗೆ ವರ್ಷದ ಹಿಂದೆ ಅಂಟಿಸಿದ ಭಿತ್ತಿಪತ್ರ ನೋಡಿ ದಿನಾಂಕ ಹೇಳಬಾರದು. ಪೋರ್ಟಲ್‌ನಲ್ಲಿ ಆ ದಿನ ಕಾಣುವ ಸೂಚನೆಯನ್ನೇ ಅಂತಿಮವೆಂದು ತಿಳಿದು, ಹಳೆಯ ಭಿತ್ತಿಪತ್ರವನ್ನು ತೆಗೆದುಹಾಕಬೇಕು.

ಘೋಷಣೆ ಸಲ್ಲಿಸಬೇಕಾದವರು ಅರ್ಜಿದಾರರೇ. ತಂದೆಯಾಗಲಿ, ಸೇವಾ ಕೇಂದ್ರದ ಆಪರೇಟರ್ ಆಗಲಿ, ವಾರ್ಡಿನ ಸದಸ್ಯರಾಗಲಿ ಅವರ ಪರವಾಗಿ ಘೋಷಿಸುವಂತಿಲ್ಲ. "ಈ ತಿಂಗಳದ್ದನ್ನೂ ನೀವೇ ಒತ್ತಿಬಿಡಿ" ಎಂದು ಹೇಳಿ ಒಟಿಪಿಯನ್ನು ಫೋನಿನಲ್ಲೇ ತಿಳಿಸುವ ರೂಢಿ ಬೆಳೆಯಬಾರದು. ಅಷ್ಟರಲ್ಲಿ ಅರ್ಜಿದಾರನಿಗೆ ಕೆಲಸ ದೊರೆತಿದ್ದರೆ ಅವನಿಗೆ ತಿಳಿಯದಂತೆಯೇ ಅವನ ಹೆಸರಿನಲ್ಲಿ ಸುಳ್ಳು ಘೋಷಣೆಯೊಂದು ದಾಖಲಾಗುತ್ತದೆ. ಹಣ ವಾಪಸಾತಿ ಮತ್ತು ದಂಡನೆಯ ಹೊಣೆ ಆಗ ಒತ್ತಿದವರ ತಲೆಗೆ ಬರುವುದಿಲ್ಲ, ಯಾರ ಹೆಸರಿದೆಯೋ ಅವರ ತಲೆಗೆ ಬರುತ್ತದೆ.

ಮೂರು ಸಂದರ್ಭಗಳನ್ನು ಊಹಿಸಿಕೊಂಡು ನೋಡೋಣ.

ಸಂದರ್ಭ ಒಂದು: ಬಿ.ಎಸ್ಸಿ. ಮುಗಿಸಿದ ಯುವತಿಯೊಬ್ಬಳು 5 ತಿಂಗಳು ಭತ್ಯೆ ಪಡೆದು, ಜೂನ್‌ನಲ್ಲಿ ಖಾಸಗಿ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಸೇರುತ್ತಾಳೆ. ಸಂಬಳ ಕಡಿಮೆಯಿರಬಹುದು, ಆದರೆ ಅದು ಉದ್ಯೋಗವೇ. ಹಿಂದಿನ 5 ತಿಂಗಳ 15,000 ರೂಪಾಯಿ ನ್ಯಾಯವಾಗಿ ಅವಳದು. ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಕೆಲಸಕ್ಕೆ ಸೇರಿದ ಬಳಿಕ ಮಾತ್ರ "ಉದ್ಯೋಗವಿಲ್ಲ" ಎಂದು ಘೋಷಿಸಬಾರದು.

ಸಂದರ್ಭ ಎರಡು: ಪದವಿ ಮುಗಿಸಿದ ಯುವಕ ಎಂ.ಎ. ತರಗತಿಗೆ ಪ್ರವೇಶ ಪಡೆಯುತ್ತಾನೆ. ಅವನಿಗೆ ಕೆಲಸವಿಲ್ಲ ಎಂಬುದು ನಿಜ. ಆದರೂ ಉನ್ನತ ವ್ಯಾಸಂಗದಲ್ಲಿರುವುದರಿಂದ ಅರ್ಹತೆ ಇರುವುದಿಲ್ಲ.

ಸಂದರ್ಭ ಮೂರು: ಡಿಪ್ಲೊಮಾ ಪಡೆದ ಯುವಕನಿಗೆ ಕೆಲಸವೂ ಇಲ್ಲ, ವ್ಯಾಸಂಗವೂ ಇಲ್ಲ. ಆದರೆ ಫೋನ್ ಕೆಟ್ಟು ಘೋಷಣೆಯ ದಿನ ಮೀರಿದೆ. ಈತನೇ ನಿಜಕ್ಕೂ ನಮ್ಮ ನೆರವು ಬೇಕಾದವನು. ಈತನ ಭತ್ಯೆ ನಿಂತಿರುವುದು ಅನರ್ಹತೆಯಿಂದಲ್ಲ. ಕೊನೆಯ ದಿನಕ್ಕೆ ಒಂದು ವಾರ ಮೊದಲು ಯಾರಾದರೂ ನೆನಪಿಸಿದ್ದರೆ ಅದು ತಪ್ಪುತ್ತಿರಲಿಲ್ಲ. ಮುಂದೇನು ಮಾಡಬೇಕೆಂಬುದನ್ನು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಿಚಾರಿಸಲು ಅವನಿಗೆ ದಾರಿ ತೋರಿಸಬೇಕು.

4. ಗೋಪ್ಯತೆ: ಕಾನೂನು ಏನು ಹೇಳುತ್ತದೆ

"ನಮ್ಮೂರಲ್ಲಿ ಯಾರಿಗೆ ಕೆಲಸವಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಇದರಲ್ಲಿ ಗುಟ್ಟೇನು?" ಎಂದು ಸದಸ್ಯರು ಕೇಳಬಹುದು. ಊರವರು ಕಂಡು ತಿಳಿದುಕೊಳ್ಳುವುದು ಬೇರೆ, ಕಚೇರಿಯು ದಾಖಲೆಯಿಂದ ತೆಗೆದು ಕೊಡುವುದು ಬೇರೆ. ಎರಡನೆಯದಕ್ಕೆ ಕಾನೂನು ಕಟ್ಟುಪಾಡು ಹಾಕಿದೆ.

ಈ ಕಾನೂನಿನ ಬೇರು ನಮ್ಮ ರಾಜ್ಯದೊಂದಿಗೆ ನಂಟು ಹೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಆ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು 5 ನ್ಯಾಯಮೂರ್ತಿಗಳ ಪೀಠವು ಸರ್ಕಾರದ ಸಹಾಯಧನ ಮತ್ತು ಸೌಲಭ್ಯಗಳಿಗೆ ಆಧಾರ್ ಬಳಕೆಯನ್ನು ಬಹುಮತದಿಂದ ಎತ್ತಿಹಿಡಿಯಿತು. ಎರಡು ತೀರ್ಪುಗಳನ್ನೂ ಜೊತೆಗಿಟ್ಟು ಓದಿದರೆ ನಮಗೆ ಸಿಗುವ ಪಾಠ ಇಷ್ಟು: ಸೌಲಭ್ಯ ನೀಡಲು ಸರ್ಕಾರ ಆಧಾರ್ ಕೇಳಬಹುದು, ಕೇಳಿ ಪಡೆದ ಮಾಹಿತಿಯನ್ನು ಮನಬಂದಂತೆ ಹಂಚುವಂತಿಲ್ಲ.

ಆಧಾರ್ ಅಧಿನಿಯಮ, 2016ರ 29ನೇ ಪ್ರಕರಣವು ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ವಿನಿಯಮಗಳಲ್ಲಿ ತಿಳಿಸಿದ ಉದ್ದೇಶಗಳನ್ನು ಬಿಟ್ಟರೆ ಯಾರದೇ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದಾಗಲಿ, ಪ್ರದರ್ಶಿಸುವುದಾಗಲಿ ಸಲ್ಲದು. 37ನೇ ಪ್ರಕರಣದ ಪ್ರಕಾರ, ನೋಂದಣಿ ಅಥವಾ ದೃಢೀಕರಣದ ವೇಳೆ ಸಂಗ್ರಹಿಸಿದ ಗುರುತಿನ ಮಾಹಿತಿಯನ್ನು ಅಧಿಕಾರವಿಲ್ಲದವರಿಗೆ ಉದ್ದೇಶಪೂರ್ವಕವಾಗಿ ತಿಳಿಸಿದವರಿಗೆ 3 ವರ್ಷಗಳವರೆಗೆ ಕಾರಾವಾಸ, ಅಥವಾ 10,000 ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸೂಚನಾ ಫಲಕಕ್ಕೆ 12 ಅಂಕಿಗಳ ಆಧಾರ್ ಸಂಖ್ಯೆಯಿರುವ ಪಟ್ಟಿ ಅಂಟಿಸುವುದು ಆದ್ದರಿಂದ ಕೇವಲ ಅಜಾಗರೂಕತೆಯಲ್ಲ, ಕಾನೂನು ನಿಷೇಧಿಸಿದ ಕೆಲಸ.

ಇತ್ತೀಚಿನ ಬದಲಾವಣೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಬಹುಪಾಲು ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶವಿದೆ. ಸೌಲಭ್ಯ ಅಥವಾ ಸಹಾಯಧನ ನೀಡುವ ಸಲುವಾಗಿ ಸರ್ಕಾರವು ನಾಗರಿಕರ ಮಾಹಿತಿಯನ್ನು ಬಳಸಲು ಈ ಕಾನೂನು ಅವಕಾಶ ನೀಡುತ್ತದೆ. ಜೊತೆಗೆ ಮಾಹಿತಿ ಇಟ್ಟುಕೊಂಡವರು ಅದಕ್ಕೆ ತಕ್ಕ ಭದ್ರತೆ ಒದಗಿಸಬೇಕು, ಸೋರಿಕೆಯಾದರೆ ಸಂಬಂಧಪಟ್ಟ ವ್ಯಕ್ತಿಗೆ ತಿಳಿಸಬೇಕು ಎಂದು ವಿಧಿಸುತ್ತದೆ. ಕಾಗದದಲ್ಲಿ ಪಡೆದು ಬಳಿಕ ಕಂಪ್ಯೂಟರಿಗೆ ಸೇರಿಸಿದ ಮಾಹಿತಿಗೂ ಇದು ಅನ್ವಯಿಸುತ್ತದೆ. ಕಾಲಾವಕಾಶ ಇದೆಯೆಂದು ಕಾಯುವ ಬದಲು ಈಗಲೇ ರೂಢಿ ಮಾಡಿಕೊಳ್ಳುವುದು ಜಾಣತನ.

5. ಸಾರ್ವಜನಿಕ ಯಾವುದು, ಖಾಸಗಿ ಯಾವುದು

ಪಂಚಾಯತಿಯ ಆಡಳಿತ ಪಾರದರ್ಶಕವಾಗಿರಬೇಕೆಂದು ನಾವು ಕಲಿತಿದ್ದೇವೆ. ಗೋಪ್ಯತೆಯೂ ಬೇಕೆಂದರೆ ಇವೆರಡು ಒಂದಕ್ಕೊಂದು ವಿರುದ್ಧವಲ್ಲವೇ ಎಂಬ ಗೊಂದಲ ಸಹಜ. ಗೆರೆ ಎಳೆಯಲು ಒಂದು ಸರಳ ಸೂತ್ರವಿದೆ: ಸಾರ್ವಜನಿಕ ಹಣ ಹೇಗೆ ಖರ್ಚಾಯಿತು ಎಂಬುದು ಊರಿನ ಮಾಹಿತಿ, ಒಬ್ಬ ವ್ಯಕ್ತಿಯ ಬದುಕು ಹೇಗಿದೆ ಎಂಬುದು ಆ ವ್ಯಕ್ತಿಯ ಮಾಹಿತಿ.

ಗ್ರಾಮಸಭೆಯಲ್ಲಿ ಹೇಳಬಹುದಾದದ್ದು: ಯೋಜನೆಯ ಷರತ್ತುಗಳು, ಭತ್ಯೆಯ ಮೊತ್ತ, ಅರ್ಜಿ ಸಲ್ಲಿಸುವ ಸ್ಥಳ, ಘೋಷಣೆಯ ಕೊನೆಯ ದಿನ, ಸೇವಾ ಕೇಂದ್ರದಲ್ಲಿ ಎಷ್ಟು ಮಂದಿ ನೆರವು ಪಡೆದರು ಎಂಬ ಸಂಖ್ಯೆ, ಹೆಚ್ಚಾಗಿ ಎದುರಾದ ತೊಡಕುಗಳು.

ಕಚೇರಿಯಿಂದ ಹೊರಗೆ ಹೋಗಬಾರದ್ದು: ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಅಂಕಪಟ್ಟಿ, ಯಾರು ಯಾವ ತಿಂಗಳು ಏನು ಘೋಷಿಸಿದರು ಎಂಬ ವಿವರ, ಯಾರ ಅರ್ಜಿ ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎಂಬ ವಿವರ.

ಮಾಹಿತಿ ಹಕ್ಕಿನ ಅರ್ಜಿಗಳ ವಿಷಯದಲ್ಲಿಯೂ ಬದಲಾವಣೆಯಾಗಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 8(1)(ಜೆ) ಪ್ರಕರಣವನ್ನು ಮೇಲ್ಕಂಡ 2023ರ ಕಾನೂನು ತಿದ್ದಿದೆ. ಈ ತಿದ್ದುಪಡಿ 2025ರ ನವೆಂಬರ್‌ನಿಂದ ಜಾರಿಯಲ್ಲಿದೆ. ಹಿಂದೆ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲ, ಅಥವಾ ಅದನ್ನು ನೀಡಿದರೆ ಖಾಸಗಿತನಕ್ಕೆ ಅನಗತ್ಯ ಧಕ್ಕೆಯಾಗುತ್ತದೆ ಎಂಬುದನ್ನು ನೋಡಬೇಕಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬ ಕಾರಣವೇ ವಿನಾಯಿತಿಗೆ ಆಧಾರವಾಗಿದೆ.

ಆದರೆ ಎರಡು ಸಂಗತಿಗಳು ಬದಲಾಗಿಲ್ಲ. ಸಾರ್ವಜನಿಕ ಹಿತಾಸಕ್ತಿಯು ಹಾನಿಗಿಂತ ಮಿಗಿಲಾಗಿದ್ದರೆ ಮಾಹಿತಿ ನೀಡಬಹುದೆಂಬ 8(2)ನೇ ಪ್ರಕರಣ ಹಾಗೆಯೇ ಇದೆ. ಸಹಾಯಧನ ಕಾರ್ಯಕ್ರಮಗಳ ಅನುಷ್ಠಾನದ ವಿಧಾನ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ ಪ್ರಕಟಿಸಬೇಕೆಂಬ 4(1)(ಬಿ) ಪ್ರಕರಣವೂ ಇದೆ. ಯುವನಿಧಿಯ ಪಟ್ಟಿಯನ್ನು ಸಿದ್ಧಪಡಿಸುವ ಪ್ರಾಧಿಕಾರ ಗ್ರಾಮ ಪಂಚಾಯತಿಯಲ್ಲ, ಇಲಾಖೆ. ಏನನ್ನು ಎಷ್ಟು ಪ್ರಕಟಿಸಬೇಕೆಂದು ತೀರ್ಮಾನಿಸುವುದು ಅದರ ಕೆಲಸ. ನಮ್ಮ ಸೇವಾ ಕೇಂದ್ರದಲ್ಲಿ ಉಳಿದ ಝೆರಾಕ್ಸ್ ಪ್ರತಿಗಳಿಂದ ನಾವೇ ಪಟ್ಟಿ ಕಟ್ಟಿ ಹಂಚುವುದು ಪಾರದರ್ಶಕತೆಯಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಗೋಪ್ಯತೆಯು ಯಾರಿಗೂ ನೆಪವಾಗಲೂಬಾರದು. ಚರಂಡಿ ಕಾಮಗಾರಿಯ ಬಿಲ್ಲು, ಅಳತೆ ಪುಸ್ತಕ, ಕೊಳವೆಬಾವಿಯ ವೆಚ್ಚ ಇವುಗಳನ್ನು "ವೈಯಕ್ತಿಕ ಮಾಹಿತಿ" ಎಂದು ಮುಚ್ಚಿಡಲು ಈ ತಿದ್ದುಪಡಿ ಅವಕಾಶ ನೀಡುವುದಿಲ್ಲ. ಕಡತದಲ್ಲಿ ಯಾರದೋ ಖಾತೆ ಸಂಖ್ಯೆ ಇದ್ದರೆ ಆ ಭಾಗವನ್ನು ಮರೆಮಾಡಿ ಉಳಿದದ್ದನ್ನು ನೀಡಬೇಕು. ಹೀಗೆ ಭಾಗಶಃ ಮಾಹಿತಿ ನೀಡಲು ಅದೇ ಅಧಿನಿಯಮದ 10ನೇ ಪ್ರಕರಣವಿದೆ.

6. ಸೋರುವುದು ಜೋಡಣೆಯಲ್ಲಿ

ಕುಡಿಯುವ ನೀರಿನ ಮಾರ್ಗದಲ್ಲಿ ಸೋರಿಕೆ ಹುಡುಕುವಾಗ ಮೊದಲು ನೋಡುವುದು ಪೈಪುಗಳ ಜೋಡಣೆಯನ್ನು. ಇಂಜಿನಿಯರಿಂಗ್ ಓದಿದವರಿಗೆ ಇದು ಪಾಠ. ನಮ್ಮ ನೀರುಗಂಟಿಗಳಿಗೆ ಅನುಭವ. ಮಾಹಿತಿಯೂ ಹಾಗೆಯೇ. ಸರ್ಕಾರದ ಸರ್ವರ್‌ಗಿಂತ ಹೆಚ್ಚಾಗಿ ಅದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಕಡೆ ಸೋರುತ್ತದೆ. ನಮ್ಮ ಕಚೇರಿಗಳಲ್ಲಿ ಅಂಥ ಐದು ಜಾಗಗಳಿವೆ.

ಮೊದಲನೆಯದು ಕಿಟಕಿ. ಆಪರೇಟರ್ ಗಟ್ಟಿಯಾಗಿ "ಕೆಲಸ ಸಿಕ್ಕಿದೆಯೋ ಇಲ್ಲವೋ?" ಎಂದು ಕೇಳುವಾಗ ಹಿಂದೆ ಕಂದಾಯ ಕಟ್ಟಲು ಬಂದವರು ನಿಂತಿರುತ್ತಾರೆ. ನಾನು ಸೇವೆ ಸಲ್ಲಿಸುವ ಪಂಚಾಯತಿಯಲ್ಲಿ ಡಿಪ್ಲೊಮಾ ಮುಗಿಸಿದ ಯುವಕನೊಬ್ಬ ಎರಡು ಮೂರು ಬಾರಿ ಕಚೇರಿಯ ಮೆಟ್ಟಿಲವರೆಗೆ ಬಂದು, ಒಳಗೆ ಜನರಿರುವುದನ್ನು ಕಂಡು ಹಿಂದಿರುಗುತ್ತಿದ್ದುದನ್ನು ನಮ್ಮ ಕರ ವಸೂಲಿಗಾರರು ಗಮನಿಸಿ ತಿಳಿಸಿದರು. ಸಂಜೆ ನಾಲ್ಕರ ನಂತರದ ಒಂದು ಗಂಟೆಯನ್ನು ಇಂಥ ಅರ್ಜಿಗಳಿಗೆಂದು ಗೊತ್ತುಪಡಿಸಿ, ಕುರ್ಚಿಯನ್ನು ಆಪರೇಟರ್‌ನ ಪಕ್ಕಕ್ಕೆ ಸರಿಸಿದ ಮೇಲೆ ಆತ ಬಂದ. ಬೇರೆ ಕೆಲವರೂ ಬಂದರು. ಇದಕ್ಕೆ ಪಂಚಾಯತಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಎರಡನೆಯದು ಝೆರಾಕ್ಸ್ ಪ್ರತಿ. ಅರ್ಜಿ ಪೋರ್ಟಲ್‌ನಲ್ಲಿ ಸಲ್ಲಿಕೆಯಾದ ಮೇಲೆ ಆಧಾರ್ ಪ್ರತಿಯನ್ನು ಉಳಿಸಿಕೊಳ್ಳುವ ಅಗತ್ಯವಿಲ್ಲ, ಅರ್ಜಿದಾರರಿಗೇ ಹಿಂದಿರುಗಿಸಬೇಕು. ಗುರುತಿಗಾಗಿ ಪ್ರತಿ ಬೇಕೇಬೇಕಾದ ಕಡೆ ಮೊದಲ 8 ಅಂಕಿಗಳನ್ನು ಮರೆಮಾಡಿ ಕೊನೆಯ 4 ಅಂಕಿಗಳನ್ನಷ್ಟೇ ತೋರಿಸುವ ಮಾಸ್ಕ್ಡ್ ಆಧಾರ್ ಪಡೆಯಬಹುದು. ಹಳೆಯ ಪ್ರತಿಗಳು ಅಂಗಡಿಯ ಪೊಟ್ಟಣವಾಗಿ ಊರಿಗೆ ಮರಳಬಾರದು, ಹರಿದು ನಾಶಪಡಿಸಬೇಕು.

ಮೂರನೆಯದು ಮೊಬೈಲ್ ಫೋನ್. ಅಂಕಪಟ್ಟಿ, ಪಾಸ್‌ಬುಕ್ ಚಿತ್ರಗಳನ್ನು ಆಪರೇಟರ್‌ನ ಸ್ವಂತ ಫೋನಿಗೆ ತರಿಸಿಕೊಂಡರೆ ಕೆಲಸ ಮುಗಿದ ಕೂಡಲೇ ಅರ್ಜಿದಾರರ ಎದುರೇ ಅಳಿಸಬೇಕು.

ನಾಲ್ಕನೆಯದು ವಾಟ್ಸ್‌ಆಪ್ ಗುಂಪು. ಘೋಷಣೆಯ ಕೊನೆಯ ದಿನವನ್ನು ವಾರ್ಡಿನ ಗುಂಪಿನಲ್ಲಿ ಎಲ್ಲರಿಗೂ ನೆನಪಿಸುವುದು ಒಳ್ಳೆಯ ಕೆಲಸ. "ಇಂಥವರು ಇನ್ನೂ ಘೋಷಣೆ ಸಲ್ಲಿಸಿಲ್ಲ" ಎಂದು ಹೆಸರು ಹಾಕುವುದು ಕೆಟ್ಟ ಕೆಲಸ. ಉದ್ದೇಶ ಒಳ್ಳೆಯದಾದರೂ ಆ ಪಟ್ಟಿ ಮೊದಲು ತಲುಪುವುದು ವಂಚಕರನ್ನು. "ಯುವನಿಧಿ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಬಂದ ಒಟಿಪಿ ಹೇಳಿ" ಎಂಬ ಕರೆ ನಿಜವೆಂದು ತೋರಬೇಕಾದರೆ ಕರೆ ಮಾಡಿದವನಿಗೆ ಹೆಸರು ಮತ್ತು ಬಾಕಿಯಿರುವ ವಿಷಯ ಗೊತ್ತಿರಬೇಕು. ಅದನ್ನು ನಾವೇ ಒದಗಿಸಿದಂತಾಗುತ್ತದೆ. ಯಾರಾದರೂ ಮೋಸಹೋದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಐದನೆಯದು ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸದಸ್ಯರಿಗೆ ಹೊಸದಲ್ಲ. ಹೆಣ್ಣು ನೋಡಲು ಬಂದವರು, ಸಾಲ ಕೊಡುವ ಸಂಘದವರು, ಬೀಗರ ಕಡೆಯವರು "ಆ ಹುಡುಗನಿಗೆ ಯುವನಿಧಿ ಬರುತ್ತದೆಯಂತೆ, ಹೌದೇ?" ಎಂದು ಸದಸ್ಯರನ್ನೇ ಕೇಳುತ್ತಾರೆ. "ಅದು ಅವರ ಸ್ವಂತ ವಿಷಯ, ಅವರನ್ನೇ ಕೇಳಿ" ಎಂಬುದು ಅದಕ್ಕೆ ತಕ್ಕ ಉತ್ತರ.

7. ಸುಳ್ಳು ಘೋಷಣೆಯ ದೂರು ಬಂದಾಗ

ಕಠಿಣ ಪರೀಕ್ಷೆ ಎದುರಾಗುವುದು ಇಲ್ಲಿ. ಗ್ರಾಮಸಭೆಯಲ್ಲಿ ಒಬ್ಬರು ಎದ್ದು, "ಇಂಥವರ ಮಗ ಪಟ್ಟಣದಲ್ಲಿ ಸಂಬಳಕ್ಕಿದ್ದಾನೆ, ಆದರೂ ಯುವನಿಧಿ ತಿನ್ನುತ್ತಿದ್ದಾನೆ" ಎಂದು ಆಪಾದಿಸುತ್ತಾರೆ. ಸಾರ್ವಜನಿಕ ಹಣದ ಪ್ರಶ್ನೆಯಾದ್ದರಿಂದ ಸುಮ್ಮನಿರುವಂತಿಲ್ಲ. ಆಪಾದನೆ ನಿಜವೆಂದು ಗೊತ್ತಿಲ್ಲದಿರುವುದರಿಂದ ಸಭೆಯಲ್ಲಿಯೇ ವಿಚಾರಣೆ ನಡೆಸುವಂತೆಯೂ ಇಲ್ಲ. ಆ ಯುವಕ ಕೆಲಸಕ್ಕೆ ಸೇರಿದ ದಿನವೇ ಘೋಷಣೆ ನಿಲ್ಲಿಸಿರಬಹುದು. ಪಟ್ಟಣದಲ್ಲಿ ಸಂದರ್ಶನಗಳಿಗಾಗಿ ಓಡಾಡುತ್ತಿರಬಹುದು. ಆಪಾದನೆಯ ಹಿಂದೆ ಜಮೀನಿನ ಬದುವಿನ ಜಗಳವಿರಬಹುದು.

ಅಧ್ಯಕ್ಷರು ಅನುಸರಿಸಬಹುದಾದ ಕ್ರಮ ಹೀಗಿದೆ. ದೂರನ್ನು ಲಿಖಿತವಾಗಿ ನೀಡುವಂತೆ ತಿಳಿಸುವುದು. ಸಭೆಯ ನಡವಳಿಯಲ್ಲಿ ವ್ಯಕ್ತಿಯ ಹೆಸರಿಲ್ಲದೆ, ಯುವನಿಧಿಗೆ ಸಂಬಂಧಿಸಿದ ದೂರೊಂದು ಬಂದಿದೆ ಎಂದಷ್ಟೇ ದಾಖಲಿಸುವುದು. ಲಿಖಿತ ದೂರನ್ನು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಕಳುಹಿಸುವುದು. ಪರಿಶೀಲಿಸುವ, ಭತ್ಯೆ ನಿಲ್ಲಿಸುವ, ಹಣ ವಸೂಲು ಮಾಡುವ ಅಧಿಕಾರ ಇಲಾಖೆಯದು. ದೂರು ನೀಡಿದವರ ಹೆಸರನ್ನೂ ಇದೇ ರೀತಿ ಕಾಪಾಡಬೇಕು. ಹೀಗೆ ಮಾಡಿದರೆ ಸುಳ್ಳು ಘೋಷಣೆ ಮಾಡಿದವರು ತಪ್ಪಿಸಿಕೊಳ್ಳುವುದಿಲ್ಲ, ನಿರಪರಾಧಿಯು ಊರ ಮುಂದೆ ತಲೆ ತಗ್ಗಿಸಬೇಕಾಗಿಯೂ ಬರುವುದಿಲ್ಲ.

8. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

• ಮುಂದಿನ ಸಾಮಾನ್ಯ ಸಭೆಯಲ್ಲಿ ಸೇವಾ ಕೇಂದ್ರದ ಗೋಪ್ಯತೆಯ ಕುರಿತು ಒಂದು ನಿರ್ಣಯ ಅಂಗೀಕರಿಸಿ: ಪ್ರತಿಗಳನ್ನು ಹಿಂದಿರುಗಿಸುವುದು, ಚಿತ್ರಗಳನ್ನು ಅಳಿಸುವುದು, ಸೂಚನಾ ಫಲಕದಲ್ಲಿ ಆಧಾರ್ ಮತ್ತು ಖಾತೆ ಸಂಖ್ಯೆ ಹಾಕದಿರುವುದು.
• ಘೋಷಣೆಯ ಕೊನೆಯ ದಿನಕ್ಕೆ ಒಂದು ವಾರ ಮೊದಲು, ಹೆಸರಿಲ್ಲದ ಸಾಮಾನ್ಯ ನೆನಪೋಲೆಯನ್ನು ಅರಿವು ಕೇಂದ್ರದಲ್ಲಿ ಮತ್ತು ಹಾಲಿನ ಡೇರಿಯ ಬಳಿ ಪ್ರದರ್ಶಿಸಿ. ಯುವಜನರು ಓದಲು ಬರುವ ಅರಿವು ಕೇಂದ್ರವೇ ಇದಕ್ಕೆ ಹೆಚ್ಚು ಸೂಕ್ತ.
• ವಾರಕ್ಕೊಮ್ಮೆಯಾದರೂ ಸೇವಾ ಕೇಂದ್ರದಲ್ಲಿ ಜನಸಂದಣಿಯಿಲ್ಲದ ವೇಳೆಯನ್ನು ಗೊತ್ತುಪಡಿಸಿ. ಯುವತಿಯರಿಗೆ ಅನುಕೂಲವಾದ ವೇಳೆಯನ್ನು ಮಹಿಳಾ ಸದಸ್ಯರು ಸೂಚಿಸಬಹುದು.
• ಹಣ ಬಂದಿಲ್ಲವೆಂದು ಯಾರಾದರೂ ಹೇಳಿದಾಗ ಈ ಕ್ರಮದಲ್ಲಿ ವಿಚಾರಿಸಲು ತಿಳಿಸಿ: ಅರ್ಜಿಯ ಸ್ಥಿತಿ, 180 ದಿನಗಳ ಲೆಕ್ಕ, ಅಂಕಪಟ್ಟಿಯ ಪರಿಶೀಲನೆ, ಘೋಷಣೆಯ ದಿನಾಂಕ, ಆಧಾರ್ ಜೋಡಣೆಯ ಖಾತೆ. ಇವೆಲ್ಲ ಸರಿಯಿದ್ದರೆ ಮಾತ್ರ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಅಥವಾ ತಾಲ್ಲೂಕು ಮಟ್ಟದ ಗ್ಯಾರಂಟಿ ಅನುಷ್ಠಾನ ಸಮಿತಿಗೆ ಮನವಿ ಸಲ್ಲಿಸಲಿ.
• ಭತ್ಯೆಯ ಜೊತೆಗೆ ಉದ್ಯೋಗದ ದಾರಿಯನ್ನೂ ತೋರಿಸಿ. ಇಲಾಖೆಯ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಲು ಮತ್ತು ಉದ್ಯೋಗ ಮೇಳಗಳಲ್ಲಿ ಭಾಗವಹಿಸಲು ಪ್ರೋತ್ಸಾಹಿಸಿ.

9. ಚರ್ಚೆಗೆ ಪ್ರಶ್ನೆಗಳು

ಸಾಮಾನ್ಯ ಸಭೆಯ ಕೊನೆಯಲ್ಲಿ ಅರ್ಧ ಗಂಟೆ ಮೀಸಲಿಟ್ಟು ಸದಸ್ಯರು ಈ ಪ್ರಶ್ನೆಗಳನ್ನು ಚರ್ಚಿಸಬೇಕಾಗಿ ಕೋರಲಾಗಿದೆ.

ಅ) ನಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಇಂದು ಅಂಟಿಸಿರುವ ಕಾಗದಗಳಲ್ಲಿ ಯಾರದಾದರೂ ಆಧಾರ್ ಅಥವಾ ಖಾತೆ ಸಂಖ್ಯೆ ಇದೆಯೇ? ಎದ್ದು ಹೋಗಿ ನೋಡಿ ಬನ್ನಿ.

ಆ) ಅಂತಿಮ ವರ್ಷದ ಪದವಿಯಲ್ಲಿರುವ ನಿಮ್ಮ ವಾರ್ಡಿನ ವಿದ್ಯಾರ್ಥಿಗಳಿಗೆ ಹೆಸರಿನ ಕಾಗುಣಿತ ಮತ್ತು ಆಧಾರ್ ಮೊಬೈಲ್ ಸಂಖ್ಯೆಯನ್ನು ಸರಿಪಡಿಸಿಕೊಳ್ಳಲು ಯಾರು, ಯಾವಾಗ ತಿಳಿಸುವಿರಿ?

ಇ) ಸದಸ್ಯರ ಮಗನೋ ಮಗಳೋ ಯುವನಿಧಿ ಫಲಾನುಭವಿಯಾಗಿದ್ದರೆ ಅವರ ಮಾಹಿತಿಯನ್ನು ಕಚೇರಿ ಹೇಗೆ ಕಾಪಾಡಬೇಕೆಂದು ನೀವು ಬಯಸುವಿರಿ? ಆ ಬಯಕೆಗೂ ಇಂದಿನ ರೂಢಿಗೂ ಎಷ್ಟು ಅಂತರವಿದೆ?

ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನೇ ಸೇವಾ ಕೇಂದ್ರದ ನಿರ್ಣಯವನ್ನಾಗಿ ಬರೆದುಕೊಳ್ಳಬಹುದು. ನಿರ್ಣಯದ ಪ್ರತಿಯನ್ನು ಆಪರೇಟರ್‌ನ ಮೇಜಿನ ಮೇಲೆ ಅರ್ಜಿದಾರರಿಗೆ ಕಾಣುವಂತೆ ಇರಿಸತಕ್ಕದ್ದು.

ಪಂಚಾಯತಿ ಅಭಿವೃದ್ಧಿ ಅಧಿಕಾರಿ